ಮೂರು ಸಲ ಇಳಿದ ಆರು ಕಿಲೋ

ಪ್ರಶ್ನೆ: ನನಗೆ 58 ವರ್ಷ. ಊರು ಕುಂದಾಪುರದ ಹತ್ತಿರ. ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವನು. ಈಗ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುತ್ತೇನೆ, ಮನೆ ಡೊಂಬಿವಲಿಯಲ್ಲಿ. ಬೆಳಿಗ್ಗೆ ಹತ್ತಕ್ಕೆ ಕೂತರೆ ಏಳುವುದು ರಾತ್ರಿ ಹನ್ನೊಂದಕ್ಕೆ. ಮನೆ ಮುಟ್ಟುವಾಗ ಹನ್ನೆರಡೂಕಾಲು, ಆಮೇಲೆ ಊಟ. ನಡುವೆ ಏಳೆಂಟು ಕಟಿಂಗ್ (ಅರ್ಧ ಲೋಟ) ಚಾ. ಎತ್ತರ 5 ಅಡಿ 5 ಇಂಚು, ತೂಕ 84 ಕಿಲೋ. ಬಿ.ಪಿ. ಮಾತ್ರೆ ಇದೆ. ಮೂರು ತಿಂಗಳ ಸರಾಸರಿ ಸಕ್ಕರೆ 6.2, ಗಡಿಯಲ್ಲಿದೆ ಎಂದರು. ಸ್ಟೇಷನ್ ಸೇತುವೆ ಹತ್ತುವಾಗ ಮಂಡಿ ಹಿಡಿದು ನಡುವೆ ನಿಲ್ಲಬೇಕಾಗುತ್ತದೆ. ಮೂರು ಸಲ ತೂಕ ಇಳಿಸಿದ್ದೇನೆ: ಮಗಳ ಮದುವೆಗೆ ಮುಂಚೆ ರಾತ್ರಿ ಊಟ ಬಿಟ್ಟು, ಒಮ್ಮೆ ಲಾಕ್‌ಡೌನಿನಲ್ಲಿ, ಮತ್ತೊಮ್ಮೆ ಎರಡು ವರ್ಷದ ಹಿಂದೆ ದಿನಕ್ಕೆ ಎರಡೇ ಊಟ ಮಾಡಿ. ಪ್ರತಿ ಸಲವೂ 78ಕ್ಕೆ ಬಂದು ನಿಂತಿತು, ಆಮೇಲೆ ತಿರುಗಿ ಏರಿತು. ಚಾರ್ಟಿನ ಪ್ರಕಾರ ನಾನು 62 ಇರಬೇಕಂತೆ. ಈಗ ಶುರು ಮಾಡುವ ಮನಸ್ಸೇ ಇಲ್ಲ. ಮಗ ಇಂಜೆಕ್ಷನ್ ತಗೊಳ್ಳಿ ಅನ್ನುತ್ತಾನೆ. ಈ ವಯಸ್ಸಿನಲ್ಲಿ ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನೀವು ಕೇಳಿದ್ದು ಹುಮ್ಮಸ್ಸಿನ ಬಗ್ಗೆ. ನಾನು ಮೊದಲು ಲೆಕ್ಕದ ಮಾತು ಎತ್ತುತ್ತೇನೆ, ಗಲ್ಲಾದಲ್ಲಿ ಕೂರುವವರಿಗೆ ಅದು ಬೇಗ ಹಿಡಿಸುತ್ತದೆ.

ಅಮೆರಿಕದಲ್ಲಿ ನಿಮ್ಮ ಹಾಗೆಯೇ ಸಕ್ಕರೆ ಗಡಿಯಲ್ಲಿದ್ದ 3,234 ಜನರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 2002ರಲ್ಲಿ. ಅದರಲ್ಲಿ ಒಂದು ಗುಂಪಿಗೆ ಕೊಟ್ಟ ಗುರಿ ಎರಡೇ: ಇರುವ ತೂಕದಲ್ಲಿ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯಿರಿ. ಸರಾಸರಿ ಅವರು ಇಳಿಸಿದ್ದು 5.6 ಕಿಲೋ. ಅಷ್ಟಕ್ಕೇ ಸಕ್ಕರೆ ಕಾಯಿಲೆಗೆ ಜಾರುವವರ ಪ್ರಮಾಣ ಶೇ. 58ರಷ್ಟು ತಗ್ಗಿತು. 60 ದಾಟಿದವರಲ್ಲಿ ಅದು ಇನ್ನೂ ಹೆಚ್ಚು, ಶೇ. 71. ವಯಸ್ಸಾಯಿತು, ಇನ್ನೇನು ಪ್ರಯೋಜನ ಎನ್ನುವವರಿಗೆ ನಾನು ಈ ಅಂಕಿಯನ್ನು ಚೀಟಿಯಲ್ಲಿ ಬರೆದು ಕೊಡುತ್ತೇನೆ.

ಈಗ ನಿಮ್ಮ 84 ಕಿಲೋಗೆ ಶೇ. 7 ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಆರು ಕಿಲೋಗೆ ಚೂರು ಕಡಿಮೆ. ಅಂದರೆ 78. ಮೂರು ಸಲವೂ ನೀವು ಮುಟ್ಟಿದ್ದು ಅಲ್ಲಿಗೇ! ಡೊಂಬಿವಲಿಯಲ್ಲಿ ಇಳಿಯಬೇಕಾದವರು, ಎಷ್ಟೋ ಆಚೆಯ ಕರ್ಜತ್ ಬರಲಿಲ್ಲವಲ್ಲ ಎಂದು ಬೇಸರಪಟ್ಟು ವಾಪಸು ಗಾಡಿ ಹತ್ತಿದ ಹಾಗಾಯಿತು ನಿಮ್ಮ ಕತೆ. ಆ ಚಾರ್ಟಿನ 62 ಸುಳ್ಳಲ್ಲ, ಭಾರತೀಯರಿಗೆ ಹೇಳುವ ಬಿ.ಎಂ.ಐ. (ಎತ್ತರಕ್ಕೆ ತಕ್ಕ ತೂಕದ ಅಳತೆ) 23ರ ಮಿತಿಯಿಂದ ಬಂದ ಸಂಖ್ಯೆ ಅದು. ಆದರೆ ನಿಮ್ಮ ವಯಸ್ಸಿನಲ್ಲಿ 22 ಕಿಲೋ ಇಳಿಸಿ ಎಂದು ಗೋಡೆಗೆ ಚಾರ್ಟು ಅಂಟಿಸಿದರೆ ಯಾರ ಉಮೇದು ಉಳಿದೀತು? ಆ ಕಾಗದವನ್ನು ತೆಗೆದಿಡಿ. ನಿಮ್ಮ ಸ್ಟೇಷನ್ 78. ಅಲ್ಲಿ ಇಳಿಯುವುದು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದು ಅಲ್ಲೇ ಮನೆ ಮಾಡುವುದು. ಅದು ಬೇರೆಯೇ ಕಸುಬು, ಅದನ್ನು ನಿಮಗೆ ಯಾರೂ ಕಲಿಸಿಲ್ಲ.

ತಿರುಗಿ ಏರಿದ್ದಕ್ಕೆ ನಿಮ್ಮ ಮನಸ್ಸಿನ ದೌರ್ಬಲ್ಯ ಕಾರಣವೆಂದು ನೀವು ನಂಬಿದ್ದೀರಿ. ಪತ್ರದ ಪ್ರತಿ ಸಾಲಿನಲ್ಲೂ ಅದೇ ಕಾಣುತ್ತದೆ. ಮೆಲ್ಬರ್ನಿನ ವೈದ್ಯರು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವಿದೆ. ಹತ್ತು ವಾರ ಕಟ್ಟುನಿಟ್ಟಿನ ಪಥ್ಯದಲ್ಲಿ ತೂಕ ಇಳಿಸಿದವರ ರಕ್ತ ಪರೀಕ್ಷಿಸಿದಾಗ, ಒಂದು ವರ್ಷ ಕಳೆದ ಮೇಲೂ ಹಸಿವು ಎಬ್ಬಿಸುವ ಹಾರ್ಮೋನು ಮೇಲೆಯೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವವು ಕೆಳಗೇ ಇದ್ದವು. ಶರೀರಕ್ಕೆ ನಿಮ್ಮ ಮಗಳ ಮದುವೆ ಗೊತ್ತಿಲ್ಲ. ಅದು ಬರಗಾಲ ಬಂತೆಂದು ತಿಳಿದು ಉಗ್ರಾಣ ತುಂಬಿಸಲು ಹೊರಡುತ್ತದೆ. ಇಳಿಸಿದ ಮೊದಲ ವರ್ಷ ಹಸಿವು ಜಾಸ್ತಿ ಇರುವುದು ಸಹಜ ಎಂದು ಮೊದಲೇ ತಿಳಿದಿದ್ದರೆ ಹೆದರಿ ಕೈಬಿಡುವುದು ತಪ್ಪುತ್ತದೆ. ವಯಸ್ಸಿಗೆ ಮೆಟಬಾಲಿಸಂ ಕುಸಿಯಿತು ಎಂಬ ದೂರೂ ಅಷ್ಟು ಸರಿಯಲ್ಲ. 2021ರಲ್ಲಿ 6,400ಕ್ಕೂ ಹೆಚ್ಚು ಜನರ ದಾಖಲೆ ಕೂಡಿಸಿ ನೋಡಿದಾಗ, ಮೈಯ ಗಾತ್ರಕ್ಕೆ ಹೊಂದಿಸಿ ಲೆಕ್ಕ ಹಾಕಿದರೆ, 20ರಿಂದ 60ರವರೆಗೆ ಶರೀರ ಸುಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಬದಲಾದದ್ದು ನಮ್ಮ ದಿನಚರಿ, ಮತ್ತು ಕರಗಿದ್ದು ಸ್ನಾಯು.

ನಿಮ್ಮ ಮೂರು ಪ್ರಯತ್ನಗಳಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಎರಡನೆಯದು. ಲಾಕ್‌ಡೌನಿನಲ್ಲಿ ನೀವು ಯಾವ ಪಥ್ಯ ಮಾಡಿದಿರಿ ಎಂದು ಬರೆದೇ ಇಲ್ಲ. ಬಹುಶಃ ಏನೂ ಮಾಡಿರಲಿಕ್ಕಿಲ್ಲ. ಹೋಟೆಲ್ ಬಂದ್, ಲೋಕಲ್ ಬಂದ್. ಗಲ್ಲಾ ಇಲ್ಲ, ಕಟಿಂಗ್ ಇಲ್ಲ, ರಾತ್ರಿ ಎಂಟಕ್ಕೆ ಮನೆಯೂಟ, ಹತ್ತಕ್ಕೆ ನಿದ್ದೆ, ಸೊಸೈಟಿಯ ಟೆರೇಸಿನಲ್ಲಿ ನಡಿಗೆ. ಊರಿಗೆಲ್ಲ ಹೆದರಿಕೆ, ಕೈಯಲ್ಲಿ ದುಡ್ಡಿಲ್ಲ, ಹುಮ್ಮಸ್ಸಿಗೆ ಜಾಗವೇ ಇಲ್ಲದ ಕಾಲ ಅದು. ಆದರೂ ಆರು ಕಿಲೋ ಇಳಿಯಿತು. ಹೋಟೆಲ್ ತೆರೆಯಿತು, ಏರಿತು. ಅಂದಮೇಲೆ ನಿಮ್ಮ ತೂಕ ನಿಂತಿರುವುದು ಹುಮ್ಮಸ್ಸಿನ ಮೇಲಲ್ಲ ಮಾರಾಯ್ರೆ, ಗಡಿಯಾರದ ಮೇಲೆ. ಆ ದಿನಚರಿಯನ್ನು ಪೂರ್ತಿ ತಿರುಗಿ ತರಲು ಆಗದು, ಕೆಲಸ ಬಿಡಲಾದೀತೇ. ಅದರ ಒಂದೆರಡು ತುಂಡುಗಳನ್ನು ಈಗಿನ ದಿನದೊಳಗೆ ತೂರಿಸಬಹುದು.

ಮೊದಲನೆಯದು ಆ ಹನ್ನೆರಡೂಕಾಲರ ಊಟ. ಮಧ್ಯಾಹ್ನ ಗಿರಾಕಿ ಕರಗಿದ ಮೇಲೆ ಮೂರೂವರೆಗೆ ಹೋಟೆಲಿನ ಊಟ ಮಾಡುತ್ತೀರಿ ಎಂದುಕೊಳ್ಳುತ್ತೇನೆ, ಹೆಚ್ಚಿನ ಹೋಟೆಲುಗಳಲ್ಲಿ ಕೆಲಸದವರ ಸಮಯ ಅದೇ. ಅಲ್ಲಿಂದ ಒಂಬತ್ತು ಗಂಟೆ ಕಾಲ ಚಾ ಮತ್ತು ಕೈಗೆ ಸಿಕ್ಕ ಗೋಳಿಬಜೆಯ ಚೂರಿನ ಮೇಲೆ ಎಳೆದು, ಮನೆ ಮುಟ್ಟುವಾಗ ಹೊಟ್ಟೆ ಬೆಂಕಿ. ಆ ಹೊತ್ತಿಗೆ ಮನೋಬಲ ತೋರಿಸಿ ಎಂದು ಯಾವ ಡಾಕ್ಟರೂ ಹೇಳಬಾರದು. ಹಸಿವನ್ನು ಎಂಟು ಗಂಟೆಗೇ ಇಳಿಸಿಬಿಡಿ. ನಿಮ್ಮ ಅಡುಗೆಮನೆಯಲ್ಲಿ ಮಿಸಳ್‌ಗೆಂದು ಮಟಕಿ (ಮಡಕೆ ಕಾಳು) ಬೇಯಿಸಿಟ್ಟಿರುತ್ತಾರಲ್ಲ, ಒಂದು ದೊಡ್ಡ ಬಟ್ಟಲು, ಮೇಲೆ ಉದುರಿಸುವ ಫರಸಾಣ ಬೇಡ, ಎಣ್ಣೆ ತೇಲುವ ತರ್ರಿ ಬೇಡ, ಮೇಲೆ ಈರುಳ್ಳಿ ಮತ್ತು ಲಿಂಬೆ. ಜೊತೆಗೆ ಒಂದು ಬಟ್ಟಲು ಮೊಸರು. ಎರಡು ಇಡ್ಲಿಯಲ್ಲಿ ನಾಲ್ಕು ಗ್ರಾಂ ಆಸುಪಾಸು ಪ್ರೋಟೀನು ಸಿಕ್ಕರೆ ಇದರಲ್ಲಿ ಅದರ ಮೂರು ಪಟ್ಟಾದರೂ ಸಿಗುತ್ತದೆ, ಹೊಟ್ಟೆಯೂ ನಿಲ್ಲುತ್ತದೆ. ಇದನ್ನು ಸಾಧ್ಯವಾದರೆ ಮಾಡುತ್ತೇನೆ ಎಂದು ಬಿಡಬೇಡಿ. "ಎಂಟು ಗಂಟೆಗೆ ಎರಡನೇ ಪಾಳಿಯ ಹುಡುಗ ಬಂದ ಕೂಡಲೇ ಬಟ್ಟಲು ತರಿಸುತ್ತೇನೆ" ಎಂದು, ಇಂಥದ್ದು ಆದಾಗ ಇಂಥದ್ದು ಎಂಬ ರೀತಿಯಲ್ಲಿ ಕಟ್ಟಿಕೊಳ್ಳಿ. ಪೀಟರ್ ಗೋಲ್‌ವಿಟ್ಸರ್ ಎಂಬ ಜರ್ಮನ್ ಮನೋವಿಜ್ಞಾನಿ ಬಹಳ ವರ್ಷ ಇದನ್ನೇ ಅಭ್ಯಾಸ ಮಾಡಿದವರು. ಬರೀ ಸಂಕಲ್ಪಕ್ಕಿಂತ, ಹೊತ್ತು ಮತ್ತು ಜಾಗಕ್ಕೆ ಗಂಟು ಹಾಕಿದ ಸಂಕಲ್ಪ ಹೆಚ್ಚು ನಡೆಯುತ್ತದೆ ಎಂದು ತೋರಿಸಿದರು.

ಇನ್ನು ಮನೆಯ ಮಾತು, ಇದು ಸೂಕ್ಷ್ಮದ್ದು. ನಿಮ್ಮ ಮನೆಯವರು ಮಧ್ಯರಾತ್ರಿಯವರೆಗೆ ಎಚ್ಚರವಿದ್ದು ಕಾಯುತ್ತಾರೆ. ಮೂವತ್ತು ವರ್ಷದಿಂದ ಕಾದಿರಬೇಕು. ಬಿಸಿ ಅನ್ನ, ಬಂಗುಡೆ ಸಾರು ಬಡಿಸಿದಾಗ "ನನಗೆ ಬೇಡ, ಡಯಟ್" ಎಂದರೆ ಅವರು ಕೇಳಿಸಿಕೊಳ್ಳುವುದು ಅನ್ನ ಬೇಡ ಎಂದಲ್ಲ. ದಿನದಲ್ಲಿ ನೀವಿಬ್ಬರೂ ಎದುರುಬದುರು ಕೂರುವುದು ಆ ಹದಿನೈದು ನಿಮಿಷ ಮಾತ್ರ. ಮಗಳ ಮದುವೆ ಮುಂಚೆ ನೀವು ರಾತ್ರಿಯೂಟ ಬಿಟ್ಟದ್ದು ಯಾಕೆ ಬಹಳ ದಿನ ನಡೆಯಲಿಲ್ಲ ಎಂದು ನಾನು ಬೇರೆ ಕಡೆ ಹುಡುಕುವುದಿಲ್ಲ. ಹಾಗಾಗಿ ಕೂರುವುದನ್ನು ಬಿಡಬೇಡಿ, ತಟ್ಟೆಯನ್ನು ಬದಲಿಸಿ. ಒಂದು ಲೋಟ ಮಜ್ಜಿಗೆ, ಇಲ್ಲವೇ ತೆಳು ಕುಚ್ಚಲಕ್ಕಿ ಗಂಜಿ ಒಂದು ಸಣ್ಣ ಬಟ್ಟಲು. ಬಂಗುಡೆಯನ್ನು ಬೆಳಿಗ್ಗೆ ಒಂಬತ್ತಕ್ಕೆ ಹೊರಡುವ ಮುಂಚಿನ ಊಟಕ್ಕೆ ತನ್ನಿ. ನೂರು ಗ್ರಾಂ ಮೀನಿನಲ್ಲಿ ಹತ್ತಿರ ಹತ್ತಿರ 20 ಗ್ರಾಂ ಪ್ರೋಟೀನು, ಅದು ಬೆಳಿಗ್ಗೆಯೇ ಹೊಟ್ಟೆಗೆ ಹೋದರೆ ಹನ್ನೊಂದರ ವಡೆಯ ಮೇಲೆ ಕಣ್ಣು ಹೋಗದು. ಬೆಳಿಗ್ಗೆ ಯಾರು ಮೀನೂಟ ಮಾಡುತ್ತಾರೆ ಎಂದು ನಗಬೇಡಿ. ಗದ್ದೆ ಕೆಲಸಕ್ಕೆ ಹೊರಡುವ ಮುಂಚೆ ನಿಮ್ಮ ಅಜ್ಜ ಗಂಜಿ ಜೊತೆ ನಿನ್ನೆಯ ಮೀನುಸಾರು ಉಂಡೇ ಹೋಗಿರಬೇಕು, ನಮ್ಮಜ್ಜನಂತೂ ಹಾಗೆಯೇ.

ಚಾದ ಬಗ್ಗೆ ಉಪದೇಶ ಮಾಡುವ ನೈತಿಕ ಹಕ್ಕು ನನಗಿಲ್ಲ, ಇದನ್ನು ಬರೆಯುವಾಗಲೇ ಎರಡನೆಯದು ಪಕ್ಕದಲ್ಲಿದೆ. ಆದರೆ ಲೆಕ್ಕ ಕೇಳಿ: ಒಂದು ಕಟಿಂಗ್‌ಗೆ ಒಂದು ಚಮಚ, ಅಂದರೆ ಐದು ಗ್ರಾಂ ಸಕ್ಕರೆ ಎಂದರೂ ಎಂಟಕ್ಕೆ 40 ಗ್ರಾಂ. ತಿಂಗಳಿಗೆ 1,200 ಗ್ರಾಂ. ಕಿರಾಣಿ ಬಿಲ್ಲು ನೋಡುವವರು ನೀವು, ಬರೀ ಚಾದಲ್ಲಿ ತಿಂಗಳಿಗೆ ಒಂದು ಕಿಲೋ ಇನ್ನೂರು ಗ್ರಾಂ ಸಕ್ಕರೆ ಒಬ್ಬರೇ ಮುಗಿಸುತ್ತಿದ್ದೀರಿ. ಎಂಟನ್ನು ಮೂರಕ್ಕೆ ಇಳಿಸಿ, ಉಳಿದವಕ್ಕೆ ಸಕ್ಕರೆ ಇಲ್ಲದ ಕಪ್ಪು ಚಾ. ಹದಿನೈದು ದಿನ ಕಷ್ಟವಾಗುತ್ತದೆ, ಅಷ್ಟೆ.

ಈಗ ಹುಮ್ಮಸ್ಸಿಗೆ ಬರುತ್ತೇನೆ. ತೂಕದ ಯಂತ್ರ ಅದನ್ನು ಕೊಲ್ಲುವಷ್ಟು ಬೇರಾವುದೂ ಕೊಲ್ಲುವುದಿಲ್ಲ. ಹಿಂದೆ ನಮ್ಮ ಪ್ಲಾಟ್‌ಫಾರ್ಮುಗಳಲ್ಲಿ ಬಣ್ಣದ ಬಲ್ಬು ಮಿನುಗುವ ಯಂತ್ರಗಳಿದ್ದವಲ್ಲ, ನಾಣ್ಯ ಹಾಕಿದರೆ ರಟ್ಟಿನ ಚೀಟಿ ಬೀಳುತ್ತಿತ್ತು, ತೂಕದ ಜೊತೆ ನಿಮ್ಮ ಭವಿಷ್ಯವೂ ಅಚ್ಚಾಗಿರುತ್ತಿತ್ತು. ಈಗಲೂ ಎಷ್ಟೋ ಜನ ಬೆಳಿಗ್ಗೆಯ ತೂಕದಲ್ಲಿ ಭವಿಷ್ಯ ಓದುತ್ತಾರೆ. ನಿನ್ನೆ 79 ಇತ್ತು, ಇವತ್ತು 80, ಎಲ್ಲ ಹಾಳಾಯಿತು ಎನ್ನುತ್ತಾರೆ. ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ರಾತ್ರಿ ಬೆಳಗಾಗುವುದರೊಳಗೆ ಅಷ್ಟು ಕೊಬ್ಬು ಸೇರಬೇಕಾದರೆ ದಿನದ ಊಟದ ಮೇಲೆ ಇಪ್ಪತ್ತು ಮಸಾಲೆ ದೋಸೆ ತಿಂದಿರಬೇಕು. ನೀವು ತಿಂದದ್ದು ಉಪ್ಪಿನಕಾಯಿ. ಉಪ್ಪು ನೀರು ಹಿಡಿದಿಟ್ಟಿತು, ಎರಡು ದಿನದಲ್ಲಿ ಹೋಗುತ್ತದೆ. ಒಂದು ದಿನದ ಗಲ್ಲಾ ನೋಡಿ ಹೋಟೆಲ್ ಮುಳುಗಿತು ಎಂದು ನೀವು ಎಂದಾದರೂ ಹೇಳಿದ್ದುಂಟೇ? ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತು ನೋಡಿ, ಬರೆದಿಟ್ಟು ಮರೆತುಬಿಡಿ. 78ಕ್ಕೆ ಬಂದ ಮೇಲೆ ತಿರುಗಿ 80 ದಾಟಿದರೆ ಮಾತ್ರ ಚಾ ಮತ್ತು ರಾತ್ರಿಯ ತಟ್ಟೆಯನ್ನು ತಪಾಸಣೆ ಮಾಡಿ.

ಅದರ ಬದಲು ಎರಡು ಅಳತೆ ಇಟ್ಟುಕೊಳ್ಳಿ. ಒಂದು ನಿಮ್ಮ ಉಡಿದಾರ. ಹೊಟ್ಟೆಯ ಕೊಬ್ಬಿಗೆ ಅದಕ್ಕಿಂತ ಪ್ರಾಮಾಣಿಕ ಸಾಕ್ಷಿ ಇಲ್ಲ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರ ಒಂದು ಪ್ರಸಿದ್ಧ ಫೋಟೋ ಇದೆ. ಬ್ರಿಟನ್ನಿನ ಗೆಳೆಯ ವೈದ್ಯ ಜಾನ್ ಯುಡ್ಕಿನ್ ಅವರ ಪಕ್ಕ ನಿಂತು ತೆಗೆಸಿದ್ದು, ಪ್ರಕಟವಾದದ್ದು 2004ರಲ್ಲಿ. ಇಬ್ಬರ ಬಿ.ಎಂ.ಐ.ಯೂ ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ನಾವು ಭಾರತೀಯರು ತಕ್ಕಡಿಯಲ್ಲಿ ಸಪೂರ ಕಂಡರೂ ಒಳಗೆ ಕೊಬ್ಬು ಬಚ್ಚಿಟ್ಟವರು ಎಂದು ತಮ್ಮನ್ನೇ ಉದಾಹರಣೆ ಮಾಡಿ ತೋರಿಸಿದರು. ನಮ್ಮ ಗಂಡಸರಿಗೆ ಸೊಂಟದ ಮಿತಿ 90 ಸೆಂಟಿಮೀಟರ್, ಹೆಂಗಸರಿಗೆ 80. ಉಡಿದಾರ ತಿಂಗಳಿಗೆ ಒಂದು ಬೆರಳು ಸಡಿಲವಾದರೂ, ತೂಕ ಕದಲದಿದ್ದರೂ, ಒಳಗೆ ಕೆಲಸ ನಡೆಯುತ್ತಿದೆ ಎಂದೇ ಅರ್ಥ. ಚೆನ್ನೈಯ ಡಾ. ಎ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಡಿಗೆ, ಊಟದ ಶಿಸ್ತು ಪಾಲಿಸಿದವರ ತೂಕ ಹೆಚ್ಚೇನೂ ಇಳಿಯಲೇ ಇಲ್ಲ. ಆದರೂ ಸಕ್ಕರೆ ಕಾಯಿಲೆಗೆ ಜಾರುವ ಅಪಾಯ ಶೇ. 28.5 ತಗ್ಗಿತ್ತು.

ಎರಡನೆಯದು ನನ್ನ ಮೆಚ್ಚಿನದು, ಯಾಕೆಂದರೆ ಅದು ಏರುವ ಅಂಕಿ. ಇಳಿಯುವ ಅಂಕಿಯನ್ನು ನೋಡಿ ಎಷ್ಟು ದಿನ ಖುಷಿಪಡಲಾದೀತು? ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. 60ರಿಂದ 64ರ ಗಂಡಸರಿಗೆ 14ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎನ್ನುತ್ತಾರೆ, ಹೆಂಗಸರಿಗೆ 12. ನಿಮ್ಮದು ಮೊದಲ ದಿನ ಎಂಟು ಬಂದರೂ ನಾಚಿಕೆ ಬೇಡ. ಮಂಡಿ ಚುಚ್ಚಿದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ, ಉಸಿರು ಬಿಗಿಹಿಡಿಯಬೇಡಿ. ಗಲ್ಲಾದ ಹಿಂದೆ, ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ ಗಿರಾಕಿ ತೆಳುವಾಗಿರುವಾಗ ಹತ್ತು ಹತ್ತು ಸಲ. ಹುಡುಗರು ನಗುತ್ತಾರೆ, ಆಮೇಲೆ ಅವರೇ ಎಣಿಸಲು ಶುರು ಮಾಡುತ್ತಾರೆ. ಇದು ಬರೀ ಆಟವಲ್ಲ. ಪಥ್ಯ ಮಾತ್ರ ಮಾಡಿ ಇಳಿಸಿದಾಗ ಹೋದ ತೂಕದಲ್ಲಿ ಕಾಲು ಭಾಗದಷ್ಟು ಸ್ನಾಯುವೂ ಸೇರಿರುತ್ತದೆ. ತಿರುಗಿ ಬರುವುದು ಹೆಚ್ಚಾಗಿ ಕೊಬ್ಬು. ಮೂರು ಸಲ ಇಳಿದು ಏರಿದ ನಿಮ್ಮ 84 ಕಿಲೋ, ಮದುವೆಗೆ ಮುಂಚಿನ 84 ಕಿಲೋ ಅಲ್ಲ. ಅದಕ್ಕೇ ಸೇತುವೆ ಈಗ ಹೆಚ್ಚು ಉದ್ದ ಕಾಣುತ್ತಿದೆ. ಈ ಸಲ ತೊಡೆಗೆ ಕೆಲಸ ಕೊಡದೆ ಇಳಿಸಬೇಡಿ. ಮಂಡಿ ಸವೆದವರ ಮೇಲೆ ಮಾಡಿದ ಅಳತೆಯಲ್ಲಿ, ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಒತ್ತಡ ನಾಲ್ಕು ಕಿಲೋ ಕಡಿಮೆಯಾಗುತ್ತದೆ ಎಂದು ಕಂಡಿದೆ. ಆರಕ್ಕೆ ಎಷ್ಟಾಯಿತೋ ನೋಡಿ, ಒಂದು ಅಕ್ಕಿ ಮೂಟೆ.

ತಪ್ಪುವ ದಿನಗಳು ಬರುತ್ತವೆ. ಭಾನುವಾರ ಸಂಘದ ವಾರ್ಷಿಕೋತ್ಸವ, ಮತ್ತೊಂದು ಭಾನುವಾರ ಮದುವೆ, ಶನಿಪೂಜೆಯ ಪ್ರಸಾದ, ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೋದರೆ ಹದಿನೈದು ದಿನ ಹಲಸಿನ ಹಣ್ಣು, ಕೋಳಿ, ನೀರುದೋಸೆ. ಬಾಳೆಲೆ ಮುಂದೆ ಕೂತು ಹೋಳಿಗೆ ಬೇಡ ಎನ್ನುವ ಸಾಹಸ ಬೇಡವೇ ಬೇಡ. ಕೆಡುಕು ಹೋಳಿಗೆಯಿಂದಲ್ಲ, ಹೋಳಿಗೆಯ ನಂತರದ ಯೋಚನೆಯಿಂದ. ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂದು ರಾತ್ರಿಯೂ ತಿಂದು, ಮುಂದಿನ ಒಂದನೇ ತಾರೀಕಿನಿಂದ ನೋಡೋಣ ಎನ್ನುತ್ತೇವಲ್ಲ, ಅದರಿಂದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿದಾಗ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ನಡುಮಟ್ಟದಲ್ಲಿ 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254ರವರೆಗೂ ಎಂದು ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಏನೂ ಕೆಡಲಿಲ್ಲ. 21 ದಿನದಲ್ಲಿ ಬದಲಾಗಿ ಎನ್ನುವ ವಿಡಿಯೋಗಳನ್ನು ಮಗನಿಗೇ ಬಿಡಿ.

ಮಗ ಹೇಳುವ ಇಂಜೆಕ್ಷನ್ ಬಗ್ಗೆ: ಅದು ಮೋಸವೂ ಅಲ್ಲ, ಸೋಲೂ ಅಲ್ಲ. ತೂಕ ಇಳಿಸುವ ಟಿರ್ಜೆಪಟೈಡ್ ಎಂಬ ಔಷಧ 2025ರ ಮಾರ್ಚಿನಲ್ಲಿ ಮೌಂಜಾರೋ ಹೆಸರಿನಲ್ಲಿ ನಮ್ಮಲ್ಲಿ ಬಂತು. ತೂಕ ಚೆನ್ನಾಗಿಯೇ ಇಳಿಯುತ್ತದೆ, ನಿಮ್ಮ ಬಿ.ಎಂ.ಐ. 30 ದಾಟಿರುವುದರಿಂದ ಅರ್ಹತೆಯೂ ಇದೆ. ಆದರೆ ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ಮರಳುತ್ತದೆ. ಮೂರು ಸಲ ಮರಳಿ ಬಂದ ಅನುಭವ ಇರುವವರು, ವರ್ಷಗಟ್ಟಲೆ ಖರ್ಚು ನಡೆಸಬಲ್ಲೆವೇ ಎಂದು ಮೊದಲು ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು. ಅದನ್ನು ತೆಗೆದುಕೊಂಡರೂ ಕುರ್ಚಿ ಮತ್ತು ಮಟಕಿ ತಪ್ಪುವುದಿಲ್ಲ. ಆರು ತಿಂಗಳು ಇದನ್ನು ಮಾಡಿ ನೋಡಿದ ಮೇಲೆ ಮಾತಾಡೋಣ ಎಂದು ನನ್ನ ಅಭಿಪ್ರಾಯ.

ಎರಡು ಊಟದ ಪದ್ಧತಿ ಮಹಾರಾಷ್ಟ್ರದಲ್ಲಿ ಡಾ. ಜಗನ್ನಾಥ ದೀಕ್ಷಿತ್ ಅವರಿಂದ ಮನೆಮಾತಾಗಿದೆ. ಒಗ್ಗಿದವರಿಗೆ ಒಗ್ಗಿದೆ. ನಿಮ್ಮ ಎರಡನೇ ಊಟ ಮಧ್ಯರಾತ್ರಿಗೆ ಬೀಳುವುದರಿಂದ ನಾನು ಅದನ್ನು ತಿರುಗಿ ಸೂಚಿಸುವುದಿಲ್ಲ. ಇದನ್ನು ಓದುತ್ತಿರುವ ಬೇರೆಯವರಲ್ಲಿ ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ವೈದ್ಯರಿಗೆ ತಿಳಿಸದೆ ಊಟ ಬಿಡಲೇಬೇಡಿ, ಸಕ್ಕರೆ ತೀರ ಕೆಳಗಿಳಿದು ಲೋಕಲಿನಲ್ಲೇ ಕುಸಿಯುತ್ತೀರಿ.

ನಿಮಗೆ ಬೇಕಾದ ತಪಾಸಣೆ ಹೆಚ್ಚಿಲ್ಲ. ಥೈರಾಯಿಡ್ ಒಮ್ಮೆ ನೋಡಿಸಿ. ಸೇತುವೆಯಲ್ಲಿ ನಿಲ್ಲುವುದು ಮಂಡಿಗಾಗಿ ಮಾತ್ರವೋ, ಎದೆ ಬಿಗಿಯುತ್ತದೆಯೋ, ಉಸಿರು ಸಾಲದೋ ಎಂದು ಸರಿಯಾಗಿ ಗಮನಿಸಿ; ಎದೆ ಅಥವಾ ಉಸಿರಿನ ತೊಂದರೆಯಾದರೆ ನಡಿಗೆ ಶುರು ಮಾಡುವ ಮುಂಚೆ ಇ.ಸಿ.ಜಿ. ಆಗಬೇಕು. ತೂಕ ಇಳಿದಂತೆ ಈಗಿನ ಬಿ.ಪಿ. ಮಾತ್ರೆಯೇ ಅತಿಯಾಗಬಹುದು, ಎದ್ದಾಗ ತಲೆ ಸುತ್ತಿದರೆ ಪ್ರಮಾಣ ತಗ್ಗಿಸಬೇಕಾದೀತು. ಇನ್ನೊಂದು, ನೀವು ಗೊರಕೆ ಹೊಡೆಯುತ್ತೀರಾ, ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯಾ? ಐದು ಗಂಟೆಯ ನಿದ್ದೆಯಲ್ಲೂ ಅದು ಇದ್ದರೆ ಮರುದಿನದ ಹಸಿವು ಇಮ್ಮಡಿ. ಇದಕ್ಕೆ ಉತ್ತರ ನಿಮಗೆ ಗೊತ್ತಿರುವುದಿಲ್ಲ, ನಿಮ್ಮ ಮನೆಯವರಿಗೆ ಗೊತ್ತಿರುತ್ತದೆ. ತೋರಿಸಲು ಬರುವ ದಿನ ಅವರನ್ನೂ ಕರೆದುಕೊಂಡು ಬನ್ನಿ, ಗಂಜಿಯ ಮಾತನ್ನು ನಾನೇ ಅವರಲ್ಲಿ ಆಡುತ್ತೇನೆ.